ಕಾಕಿ ಗಿಡದ ಹಸಿರು ಕಾಯಿ

ಮಕ್ಕಳೇ, ಹೋದ ವಾರ ಹೊಲದ ಬದುವಿನಲ್ಲಿ ನೀವಿಬ್ಬರೂ ಕಪ್ಪು ಹಣ್ಣು ತಿಂದು, ಬಣ್ಣ ಹತ್ತಿದ ನಾಲಿಗೆ ತೋರಿಸಿದಿರಿ. ನಿಮ್ಮ ಕೈಯಲ್ಲಿ ಹಸಿರು ಕಾಯಿಯೂ ಇದ್ದವು, ಕಿತ್ತುಕೊಂಡು ಚೆಲ್ಲಿದೆ. "ಆಯಿ ಸಿಟ್ಟಿಗೆದ್ದಾಳ" ಅಂದಿರಿ. ಅದು ಸಿಟ್ಟಲ್ಲ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಅದು ಕಾಕಿ ಗಿಡ. ಗಣಿಕೆ ಎಂದೂ ಅನ್ನುತ್ತಾರೆ. ಬಾಯಿ ಹುಣ್ಣಾದರೆ ನಮ್ಮವ್ವ ಅದರ ತಪ್ಪಲು ಬೇಯಿಸಿ, ನೀರು ಬಸಿದು, ಬೇಳೆಗೆ ಹಾಕುತ್ತಿದ್ದಳು. ಪೂರಾ ಕಪ್ಪಾದ ಹಣ್ಣು ನಾವೂ ತಿಂದಿದ್ದೇವೆ. ಹಸಿರು ಕಾಯಿ ಮಾತ್ರ ವಿಷವೆಂದು ಅವ್ವ ಮುಟ್ಟಗೊಡುತ್ತಿರಲಿಲ್ಲ.

ನಿಮ್ಮ ಅಜ್ಜನಿಗೆ ಕಾಮಣಿಯಾಗಿ ಕಣ್ಣು ಹಳದಿಯಾದಾಗ ಅವರ ತಾಯಿ, ನಮ್ಮ ಅತ್ತೆ, ಈ ಗಿಡವನ್ನೇ ನಂಬಿದರು. ಅದಕ್ಕೊಂದು ಕಟ್ಟಳೆಯಿತ್ತು. ರವಿವಾರ ಹೊತ್ತು ಮೂಡುವ ಮೊದಲು ಕಿತ್ತು ತಂದು ಅರೆಯಬೇಕು. ಔಷಧ ರೋಗಿಯ ಹೊಟ್ಟೆಗೆ ಇಳಿಯುವವರೆಗೆ ಕಿತ್ತವರು ಮಾತಾಡಬಾರದು, ಆಡಿದರೆ ಗುಣ ಹೋಗುತ್ತದೆ.

"ನಮ್ಮ ಸೊಸಿಗೆ ಇದೇನ್ ತ್ರಾಸ್ ಇಲ್ಲ ಬಿಡ್ರಿ, ಒಂದ್ ಮಾತಿಗೆ ಮೂರ್ ದಿನಾ ತಗೋತಾಳ" ಎಂದು ಅತ್ತೆ ನೆರೆಯವರ ಮುಂದೆ ನಕ್ಕರು.

ಮಬ್ಬಿನಲ್ಲಿ ಕಿತ್ತು ತಂದೆ. ಒಲೆಯ ಬೆಳಕಿಗೆ ನೋಡಿದರೆ ಟೊಂಗೆ ತುಂಬ ಹಸಿರು ಕಾಯಿ. ಅತ್ತೆಗೆ ಕಣ್ಣು ಮಂದ, ಕಾಯಿ ಸಮೇತ ಒಳಕಲ್ಲಿಗೆ ಹಾಕಿದರು. ನಾನು ಅವರ ಕೈ ಹಿಡಿದೆ.

"ಕೈ ಬಿಡವಾ, ಹೊತ್ತ ಮೂಡಾಕ ಹತ್ತೇತಿ."

ಬಿಟ್ಟೆ. ಅಜ್ಜ ಒಂದು ಗುಟುಕು ಕುಡಿದು ನನ್ನನ್ನು ನೋಡಿ, "ಏನ್ ಹಾಕೀದಿ ಇದರಾಗ, ಇಷ್ಟ ಕಹಿ?" ಎಂದರು. ಔಷಧ ಕೆಡುತ್ತದೆಂದು ಆಗಲೂ ಸುಮ್ಮನೆ ನಿಂತೆ. ಅವರು ಬಟ್ಟಲು ಖಾಲಿ ಮಾಡಿದರು.

ಮಧ್ಯಾಹ್ನ ವಾಂತಿ, ಭೇದಿ ಶುರುವಾಯಿತು. "ಪಿತ್ತ ಬೀಳಾಕತ್ತೇತಿ, ಛಲೋ ಆತು" ಎಂದರು ಅತ್ತೆ. ಎರಡು ದಿನ ಕಾದೆವು. ಬೈಲಹೊಂಗಲದ ದವಾಖಾನೆಗೆ ಒಯ್ಯುವಾಗ ಅವರಿಗೆ ನಮ್ಮ ಗುರುತು ಹತ್ತುತ್ತಿರಲಿಲ್ಲ. ಮರುದಿನ ತೀರಿಕೊಂಡರು. ಲಿವರ್ ಮೊದಲೇ ಕೆಟ್ಟಿತ್ತು, ಕಾಯಿಯಿಂದಲೇ ಹೋದರು ಎನ್ನಲಾಗದು, ತಡಮಾಡಿ ತಂದಿರಿ ಎಂದರು ಡಾಕ್ಟರು.

ಅತ್ತೆ ಸಾಯುವತನಕ ಕೇಳುತ್ತಿದ್ದರು: "ಖರೇ ಹೇಳವಾ, ದಾರ್ಯಾಗ ಯಾರ ಜೋಡಿನರ ಮಾತಾಡಿದೇನ?"

ಇಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದೆ. ಅದು ಖರೆಯೇ ಇತ್ತು.

ಈಗ ಮೊಬೈಲಿನಲ್ಲೂ ಕಾಮಣಿಗೆ ಇದರ ರಸ ಕುಡಿಯಿರಿ ಎನ್ನುವವರಿದ್ದಾರೆ. ಕಣ್ಣು ಹಳದಿಯಾದರೆ ಮೊದಲು ದವಾಖಾನೆಗೆ ಹೋಗಿ. ಹಸಿರು ಕಾಯಿ ಕಂಡರೆ, ಯಾರು ಸುಮ್ಮನಿರು ಅಂದರೂ ಕೂಗಿ ಹೇಳಿ. ಈ ಹಾಳೆಗಳನ್ನು ಟ್ರಂಕಿನಲ್ಲಿ ಅಜ್ಜ ತಲೆಗೆ ಸುತ್ತುತ್ತಿದ್ದ ಪಟಗದ ಕೆಳಗೆ ಇಟ್ಟಿರುತ್ತೇನೆ. ನನ್ನ ನಂತರ ಒದ್ದೆಯಾಗದಂತೆ ಜೋಪಾನ ಮಾಡಿ.