ಎಡಗಡೆಯ ಟೇಪು

ಮನೆಗೆ ಬಣ್ಣ ಹೊಡೆಯಲು ಬಂದವರ ಬೆನ್ನ ಹಿಂದೆ ನಿಂತು, ಅವರು ಅಂಟಿಸಿದ ಟೇಪುಗಳನ್ನು ಎಣಿಸುವುದು ನನ್ನ ಚಟ. ನಾರಾಯಣಗೂಡದ ನಮ್ಮ ಮನೆಗೆ ಈ ಸಲ ಬಂದ ಯಾದಗಿರಿ ಎಂಬ ತೆಲುಗಿನವ ಎರಡು ದಿನ ಸಹಿಸಿಕೊಂಡ. ಮೂರನೆಯ ದಿನ, ಯಾಕೆ ಸಾರ್ ಎಂದು ಕೇಳಿಯೇಬಿಟ್ಟ. ನಾನು ಕಾಯುತ್ತಿದ್ದುದೇ ಅದಕ್ಕೆ.

ಈಗ ಹುಲ್ಲು ಬೆಳೆದಿರುವ ಹಳೆಯ ವಾಯುನೆಲೆಯಲ್ಲಿ ನಾನೂ ಮಲ್ಲಪ್ಪನೂ ವಿಮಾನಗಳ ಹಳೆ ಬಣ್ಣ ಕೆರೆದು ಹೊಸದು ಹೊಡೆಯುತ್ತಿದ್ದೆವು. ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವನು ಅಲ್ಲಿಗೆ ಹೇಗೆ ಬಂದ ಎಂದು ಕೇಳಬೇಡಿ. ನಮ್ಮಪ್ಪ ಕೊನೆಯವರೆಗೂ ಕೇಳುತ್ತಲೇ ಇದ್ದರು. ವಿಮಾನದ ಎರಡೂ ಪಕ್ಕೆಗಳಲ್ಲಿ ಸಣ್ಣ ತೂತುಗಳಿರುತ್ತವೆ. ಹೊರಗಿನ ಗಾಳಿಯ ಒತ್ತಡ ಒಳಗಿನ ಮೀಟರುಗಳಿಗೆ ತಿಳಿಯುವುದು ಅವುಗಳಿಂದ. ಅವು ಮುಚ್ಚಿಹೋದರೆ ತಾನೆಷ್ಟು ಎತ್ತರದಲ್ಲಿದ್ದೇನೆಂದು ಪೈಲಟ್‌ಗೆ ಸರಿಯಾಗಿ ಗೊತ್ತಾಗದು. ಬಣ್ಣ ಹೊಡೆಯುವ ಮುಂಚೆ ಅವಕ್ಕೆ ಟೇಪು ಅಂಟಿಸಬೇಕು, ಆಮೇಲೆ ಕೀಳಬೇಕು. ಒಮ್ಮೆ ಮಲ್ಲಪ್ಪ ಕೀಳಲು ಮರೆತ. ಇನ್‌ಸ್ಪೆಕ್ಟರು ಬೆರಳಾಡಿಸಿ ಹಿಡಿದರು. ಅಂದಿನಿಂದ ಅವನು ಟೇಪ್ ಮಲ್ಲಪ್ಪ. ಹೆಸರಿಟ್ಟವನು ನಾನೇ. ನಲವತ್ತು ವರ್ಷಗಳಿಂದ ಈ ಕತೆ ಹೇಳುತ್ತಿದ್ದೇನೆ. ಒಂದೊಂದು ಸಲ ಹೇಳಿದಾಗಲೂ ವಿಮಾನ ರನ್‌ವೇಗೆ ಇನ್ನಷ್ಟು ಹತ್ತಿರವಾಗಿದೆ.

ಎಲ್ಲ ಕೇಳಿಸಿಕೊಂಡ ಯಾದಗಿರಿ, "ಏ ಪಕ್ಕ ಸಾರ್?" ಎಂದು, ಮರೆತ ಟೇಪು ಯಾವ ಕಡೆಯದೆಂದು ತನ್ನ ತೆಲುಗಿನಲ್ಲಿ ಕೇಳಿದ.

"ಎಡಗಡೆ" ಎಂದು ಎಡಗೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ನಾನು ಎಡಚ. ಆ ಕಾರಣಕ್ಕೇ ವಿಮಾನದ ಎಡಗಡೆ ಯಾವಾಗಲೂ ನನ್ನದು, ಬಲಗಡೆ ಮಲ್ಲಪ್ಪನದು. ಪುರಾವೆಯಿಲ್ಲದೆ ದೇವರನ್ನೂ ನಂಬದ ನನಗೆ, ಪುರಾವೆ ನನ್ನ ಹೆಗಲಿಗೇ ನೇತುಬಿದ್ದಿದ್ದು ಇಷ್ಟು ವರ್ಷ ಕಂಡಿರಲಿಲ್ಲ.

ಮರುದಿನವೇ ನಾಚಾರಂನಲ್ಲಿರುವ ಮಲ್ಲಪ್ಪನ ಮನೆಗೆ ಹೋದೆ. "ಮಲ್ಲಪ್ಪ, ಆ ಟೇಪ್ ಮರ್ತಾಂವ ನಾನಪಾ."

"ಬಿಡ್ರಿ ಎಮ್ಮೆಸ್ಸಿ ಸಾಹೇಬ್ರ, ನಾನಽ ಮರ್ತಿದ್ದು. ನನಗ ಚಲೋ ನೆನಪೈತಿ. ವಿಮಾನ ರನ್‌ವೇ ಮ್ಯಾಲ ನಿಂತಿತ್ತು, ಫ್ಯಾನ್ ಗರಗರ ತಿರಗಾಕತ್ತಿತ್ತು..."

ಆ ರನ್‌ವೇ, ಆ ಫ್ಯಾನು ಎರಡೂ ನಾನು ಸೇರಿಸಿದ್ದು. ವಿಮಾನ ನಾವು ಬಣ್ಣ ಹೊಡೆಯುತ್ತಿದ್ದ ಹ್ಯಾಂಗರ್ ಬಿಟ್ಟು ಅಲ್ಲಾಡಿರಲೇ ಇಲ್ಲ. ಅವನಿಗೆ ನೆನಪಿದ್ದದ್ದು ನಡೆದದ್ದಲ್ಲ, ನಾನು ಹೇಳಿದ್ದು.

ಎಡಗಡೆಯ ವಿಷಯ ಹೇಳಿದೆ. ಅವನು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಮೊಮ್ಮಕ್ಕಳೂ ಟೇಪ್ ಅಜ್ಜ ಅಂತಾವ್ರಿ" ಎಂದ. "ಎಲ್ಲಾರ ಮುಂದ ಹೇಳ್ರಿ ಮತ್ತ."

ಭಾನುವಾರ ನಮ್ಮ ಕನ್ನಡ ಸಂಘದವರೆಲ್ಲ ಸೇರಿದ್ದಾಗ ಎದ್ದು ನಿಂತು ಹೇಳಿದೆ. ಜೋರು ಚಪ್ಪಾಳೆ. ಸಂಘದ ಅಧ್ಯಕ್ಷರು ಎದ್ದು ಬಂದರು. "ಗೆಳೆಯಾನ ತಪ್ಪು ತನ್ನ ಮ್ಯಾಲ ಹಾಕ್ಕೊಳ್ಳೋ ಇಂಥ ದೊಡ್ಡ ಮನಸ್ಸು ಯಾರಿಗೈತ್ರಿ?" ಎಂದು ನನಗೆ ಶಾಲು ಹೊದಿಸಿದರು.

ಪಕ್ಕದಲ್ಲಿ ಕೂತಿದ್ದ ಮಲ್ಲಪ್ಪ ನನ್ನ ಕಿವಿಯ ಹತ್ತಿರ ಬಾಗಿದ. "ಹಳೇ ಬಣ್ಣ ಕೆರಿಯಾಕ ನಿಂತು ಇನ್ನೊಂದು ಕೋಟ್ ಹೊಡದ್ರಲ್ಲ, ಸಾಹೇಬ್ರ."

ಹೊಡೆಯುವುದು ಒಂದು ದಿನದ ಕೆಲಸವಾದರೆ, ಕೆರೆಯುವುದು ಒಂದು ವಾರದ್ದು. ವಾಯುನೆಲೆಯಲ್ಲಿಯೂ ಹಾಗೇ ಇತ್ತು. ಮಲ್ಲಪ್ಪನ ಮೊಮ್ಮಕ್ಕಳು ಇನ್ನೂ ಟೇಪ್ ಅಜ್ಜ ಎನ್ನುತ್ತಿವೆಯಂತೆ. ಆದ್ದರಿಂದ ಈಗ ಸಿಕ್ಕವರಿಗೆಲ್ಲ, ತಪ್ಪು ನನ್ನದೇ ಎಂದು ಬಿಡದೆ ಹೇಳುತ್ತಿದ್ದೇನೆ. ಆದರೆ ಮೊನ್ನೆ ಒಂದು ಸಂಗತಿ ಗಮನಿಸಿದೆ: ವಿಮಾನ ಮತ್ತೆ ಮೆಲ್ಲಗೆ ರನ್‌ವೇ ಕಡೆ ಹೊರಟಿದೆ.