ಕೇಳಿ ಹೇಳುವವರು

ನೀರಾವರಿ ಕಚೇರಿಯ ಸೂಪರಿಂಟೆಂಡೆಂಟರು ಶುದ್ಧ ಪುಕ್ಕಲು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತಾವಾಗಿ ಒಂದು ತೀರ್ಮಾನ ತೆಗೆದುಕೊಂಡವರಲ್ಲ. ಕಿಟಕಿ ತೆಗೆಯಲೇ ಎಂದು ಯಾರಾದರೂ ಕೇಳಿದರೂ "ಮೇಲಿನವರನ್ನ ಕೇಳಿ ಹೇಳ್ತೀನಿ" ಎನ್ನುತ್ತಾರೆ. ಚಹಾಕ್ಕೆ ಸಕ್ಕರೆ ಎಷ್ಟೆಂದರೆ ಪಕ್ಕದವರ ಲೋಟ ನೋಡುತ್ತಾರೆ. ಇಂಥವರನ್ನು ಇಲಾಖೆ ಸೇನಾಧಿಕಾರಿಗಳ ಜೊತೆ ಆರು ವಾರದ ನಾಯಕತ್ವ ತರಬೇತಿಗೆ ಕಳಿಸಿತು. ಪಾಸಾದರೆ ಬಡ್ತಿ, ಇಲ್ಲವಾದರೆ ನಿವೃತ್ತಿಯವರೆಗೂ ಅದೇ ಕುರ್ಚಿ. "ರೀ, ಅಲ್ಲಾದರೂ ಒಂದು ಸಲ ಬಾಯಿ ಬಿಡಿ" ಎಂದು ಹೆಂಡತಿ ಬೇಡಿಕೊಂಡಿದ್ದಳು. ಅಲ್ಲೂ ಅವರು ಬಾಯಿ ಬಿಡಲಿಲ್ಲ. ತಂಡದ ನಾಯಕಿ ಮೇಜರಮ್ಮ, "ಏನ್ ಸರ್, ಸೀನೋಕೂ ಅಪ್ಪಣೆ ಬೇಕಾ?" ಎಂದು ಕೆಣಕಿದರೆ ಹಲ್ಲು ಕಿರಿದು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಕೊನೆಯ ದಿನ ಅಣಕು ಪ್ರವಾಹದ ಪರೀಕ್ಷೆ. ಮೇಜರಮ್ಮ ಕಳಿಸಿದ ದೋಣಿಗಳು ನಕ್ಷೆಯಲ್ಲಿ ತಪ್ಪು ದಡಕ್ಕೆ ಹೋದವು. ಕಾಗದದ ಮೇಲಿನ ಇನ್ನೂರು ಜನ ಮುಳುಗಿಹೋದರು. ಹೊಣೆ ಯಾರದೋ ಅವರು ನಪಾಸು ಎಂಬುದು ನಿಯಮ. ತರಬೇತುದಾರರು "ಯಾರ ತಪ್ಪು?" ಎಂದಾಗ ಎಲ್ಲರೂ ಮೇಜರಮ್ಮನತ್ತ ತಿರುಗಿದರು. ಆಗ ಸೂಪರಿಂಟೆಂಡೆಂಟರು ಎದ್ದು ನಿಂತರು. "ನದಿ ಎತ್ತ ಉಕ್ಕುತ್ತೆ ಅಂತ ನನಗೆ ಗೊತ್ತಿತ್ತು. ಯಾರಾದರೂ ಕೇಳಲಿ ಅಂತ ಕೂತೆ. ತಪ್ಪು ನಂದು." ಪರೀಕ್ಷೆಯ ವರದಿಯಲ್ಲಿ ಹೊಣೆಗಾರರ ಜಾಗದಲ್ಲಿ ತಮ್ಮ ಹೆಸರು ಬರೆದು ಸಹಿ ಹಾಕಿದರು. ಆಮೇಲೆ ಕೋಣೆಯಲ್ಲಿ ಸೆಕೆ ಎನ್ನಿಸಿರಬೇಕು. ಯಾರ ಮುಖವನ್ನೂ ನೋಡದೆ ಹೋಗಿ ಕಿಟಕಿ ತೆಗೆದರು.