ವರ್ತೂರಿನ ಬಾವುಟ

ವರ್ತೂರಿನ ಒಂದು ಅಪಾರ್ಟ್‌ಮೆಂಟಿನವರು ತಮ್ಮ ಪಾರ್ಕಿಗೆ ನನ್ನ ಕಾದಂಬರಿಯ ನಾಯಕನ ಹೆಸರಿಟ್ಟು, ಫಲಕ ತೆರೆಯಲು ನನ್ನನ್ನೇ ಕರೆದಿದ್ದರು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಕೆರೆ ಏರಿಯ ಮೇಲೆ ಬಾವುಟ ಹಾರಿಸಿ ಜೈಲಿಗೆ ಹೋದವನು ಅವನು. ಪೂರ್ತಿ ನನ್ನ ಕಲ್ಪನೆ.

ಸಮಾರಂಭಕ್ಕೆ ಮುಂಚೆ, ಪಕ್ಕದ ಹಳೇ ಮನೆಯ ಅಜ್ಜಿಯೊಬ್ಬರು ಬಂದು ನನ್ನ ಕೈ ಹಿಡಿದುಕೊಂಡರು.

"ಬಾವುಟ ಆರ್ಸಿದ್ದು ನಮ್ಮಪ್ಪ, ಸಾಮಿ. ಜೈಲಿಂದ ಬಂದ್ಮೇಲೆ ಕೆಮ್ಮಿ ಕೆಮ್ಮಿನೇ ಸತ್ತೋದ. ನಿಮ್ ಪುಸ್ತಕ್ದಲ್ಲಿ ಬೇರೆ ಎಸ್ರು ಯಾಕೈತೆ?"

ಅಂಥವನೊಬ್ಬ ನಿಜವಾಗಿ ಇದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಆ ಊರಿಗೆ ಒಮ್ಮೆಯೂ ಹೋಗದೆ ಬರೆದಿದ್ದೆ. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯನ್ನು ಪಕ್ಕಕ್ಕೆ ಕರೆದು, "ನನ್ನದು ಕಟ್ಟುಕಥೆ ಕಣ್ರೀ, ಇವರದು ನಿಜ. ಫಲಕ ಬದಲಾಯಿಸಿ," ಎಂದೆ.

"ಅಜ್ಜಿ ಎಲ್ಲರ ಹತ್ರಾನೂ ಹೀಗೇ ಹೇಳ್ತಾರೆ ಸಾರ್. ಪ್ರೂಫ್ ಕೇಳಿದ್ರೆ ಏನೂ ಇಲ್ಲ. ನಿಮ್ಮದಾದ್ರೆ ಪುಸ್ತಕಾನೇ ಇದೆಯಲ್ಲ," ಎಂದು ಅವರು ನಕ್ಕರು.

ನಾನು ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಪರದೆ ಎಳೆದೆ, ಶಾಲು ಹೊದಿಸಿಕೊಂಡೆ. ಹಿಂದೆ ನಿಂತಿದ್ದ ಅಜ್ಜಿಯೂ ಚಪ್ಪಾಳೆ ತಟ್ಟಿದರು.

ಮುಂದಿನ ಮುದ್ರಣದಲ್ಲಾದರೂ ತಿದ್ದೋಣವೆಂದು ಕಾಡುಗೋಡಿಯಲ್ಲಿ ಮೆಟ್ರೋ ಹತ್ತಿದ ಮೇಲೆ ಪೆನ್ನು ತೆಗೆದೆ. ಅವರಪ್ಪನ ಹೆಸರು ಕೇಳುವುದನ್ನೇ ಮರೆತಿದ್ದೆ. ಹೆಸರು ಹುಟ್ಟಿಸಿಯೇ ಅಭ್ಯಾಸ, ನೋಡಿ.